ಹದಿನಾರನೇ ನಂಬರಿನ ಅಂಗಿ

6 ಸೆಪ್ಟೆಂಬರ್ 2015

ಮೂಟೆ,

ನೀನು ಹೋಗಿ ಹದಿನೆಂಟು ದಿನವಾಯಿತು. ಫೋನಿನಲ್ಲಿ ನಾಲ್ಕು ಸಲ ಮಾತಾಡಿದೆವು. ನಾಲ್ಕು ಸಲವೂ ನೀನು ಹೇಳಿದ್ದು ಒಂದೇ: "ಹ್ಞೂಂ ಅಕ್ಕ, ಚೆನ್ನಾಗಿದೀನಿ, ಊಟ ಆಯ್ತು, ಇಡ್ಲಾ?" ಗಿಳಿಗೆ ಕಲಿಸಿದ್ದರೆ ಇನ್ನೆರಡು ಮಾತು ಜಾಸ್ತಿ ಆಡುತ್ತಿತ್ತು. ಅದಕ್ಕೇ ಇನ್ನು ಮೇಲೆ ಕಾಗದ ಬರೆಯೋಣ. ಇಷ್ಟಗಲದ ಹಾಳೆಯಲ್ಲಿ ಮೂರೇ ಮಾತು ಬರೆದು ಅಂಚೆಗೆ ಹಾಕಲು ನಿನಗೇ ನಾಚಿಕೆಯಾದೀತು.

ಹೊರಡುವ ದಿನ ಬಾಗಿಲಲ್ಲಿ ನಿಂತು ಮಾವ ಆಡಿದ ಮಾತು ನಿನ್ನ ಮನಸ್ಸಿನಲ್ಲಿ ಇನ್ನೂ ಇದೆಯೆಂದು ನನಗೆ ಗೊತ್ತು. "ರಗ್ಬಿ ಆಡ್ತಾನಂತೆ, ಅದೂ ಪರದೇಶದಲ್ಲಿ! ಎರಡೇ ತಿಂಗಳು, ಬಾಲ ಮುದುರ್ಕೊಂಡು ಬರ್ತಾನೆ ನೋಡ್ತಿರು." ಅವರು ಹಾಗೆನ್ನಬಾರದಿತ್ತು. ಆದರೆ ನೀನೂ ಆ ಶಪಥ ಮಾಡಬಾರದಿತ್ತು. ಶುರುವಿನ ಶಿಳ್ಳೆಯಿಂದ ಕೊನೆಯ ಶಿಳ್ಳೆಯವರೆಗೆ ಒಂದು ಪಂದ್ಯ ಪೂರ್ತಿ ಆಡಿ, ಆ ಅಂಗಿ ಕೈಯಲ್ಲಿ ಹಿಡಿದೇ ಈ ಹೊಸ್ತಿಲು ದಾಟುತ್ತೇನೆ ಅಂದೆಯಲ್ಲ. ಶಪಥ ಮಾಡುವವರು ಮಾಡಿ ಹೋಗುತ್ತಾರೆ. ಬಾಗಿಲು ನೋಡುತ್ತಾ ಕೂರುವವರನ್ನು ಯಾರೂ ಕೇಳುವುದಿಲ್ಲ.

ಇರಲಿ. ಹೊಲಿಗೆ ಮಷಿನ್ನಿನ ಎದುರಿನ ಗೋಡೆಗೆ ನಿನ್ನ ಅಂಗಿಗಾಗಿ ಒಂದು ಮೊಳೆ ಹೊಡೆದಿದ್ದೇನೆ. ಸ್ಟೂಲು ಅಲ್ಲಾಡುತ್ತಿತ್ತು, ಗುರುವಾರ ದಾರದುಂಡೆ ಕೊಡಲು ಬಂದ ನೂಲಿನವರು ಹಿಡಿದುಕೊಂಡರು. ಬೇಗ ಬರಿ. ತಲೆಗೆ ಪೆಟ್ಟು ಮಾಡಿಕೊಳ್ಳಬೇಡ, ಮೊದಲೇ ಅದರಲ್ಲಿ ಇರುವುದು ಕಡಿಮೆ.

ಅಕ್ಕ

11 ಅಕ್ಟೋಬರ್ 2015

ಅಕ್ಕ,

ಇಡೀ ಹಾಳೆ ತುಂಬಿಸುತ್ತೇನೆ, ನೋಡು.

ನನ್ನ ಕೋಣೆ ನಾಲ್ಕನೇ ಮಹಡಿಯಲ್ಲಿದೆ. ಮಂಚ ನನಗಿಂತ ಒಂದು ಗೇಣು ಗಿಡ್ಡ. ಕಾಲು ಚಾಚಿದರೆ ಗೋಡೆಗೆ ಒದೆಯುತ್ತೇನೆ, ಪಕ್ಕದ ಕೋಣೆಯವನು ತಿರುಗಿ ಒದೆಯುತ್ತಾನೆ. ನಮ್ಮಿಬ್ಬರ ಪರಿಚಯ ಸದ್ಯಕ್ಕೆ ಅಷ್ಟೇ. ಬೆಳಿಗ್ಗೆ ಕಬ್ಬಿಣ ಎತ್ತುವುದು, ಮಧ್ಯಾಹ್ನ ಮೈದಾನ, ಸಂಜೆ ಐಸಿನ ತೊಟ್ಟಿಯಲ್ಲಿ ಹತ್ತು ನಿಮಿಷ ಹಲ್ಲು ಕಟಕಟಿಸುವುದು.

ಸ್ಕ್ರಮ್ ಅಂದರೇನು ಎಂದು ನೀನು ಯಾವಾಗಲೂ ಕೇಳುತ್ತಿದ್ದೆ. ಎಂಟು ಜನ ಈ ಕಡೆ, ಎಂಟು ಜನ ಆ ಕಡೆ, ಬಗ್ಗಿ ಹೆಗಲಿಗೆ ಹೆಗಲು ಕೊಟ್ಟು ತಳ್ಳುವುದು. ಮುಂದಿನ ಸಾಲಿನ ನಡುವೆ ನಿಲ್ಲುವವನು ಹುಕ್ಕರ್, ಅಂದರೆ ನಾನು. ನನ್ನ ಎರಡೂ ಕೈ ಅಕ್ಕಪಕ್ಕದವರ ಹೆಗಲ ಮೇಲಿರುತ್ತವೆ. ಅವರಿಬ್ಬರೂ ನನ್ನ ಅಂಗಿಯನ್ನು ಕಂಕುಳ ಕೆಳಗೆ ಮುಷ್ಟಿಯಲ್ಲಿ ಹಿಡಿದಿರುತ್ತಾರೆ. ಚೆಂಡು ನಡುವೆ ಬಿದ್ದಾಗ ಕಾಲಿನಿಂದ ಹಿಂದಕ್ಕೆ ಎಳೆದುಕೊಳ್ಳಬೇಕು, ಅದೇ ನನ್ನ ಕೆಲಸ.

ನಿನ್ನೆ ಶನಿವಾರ ಮೈದಾನಕ್ಕಿಳಿದೆ ಅಕ್ಕ! ನನ್ನ ನಂಬರು ಹದಿನಾರು. ಮೊದಲ ಸಲ ಇಳಿದವರಿಗೆ ಆ ಅಂಗಿಯನ್ನು ಕ್ಲಬ್ಬಿನವರೇ ಕೊಟ್ಟುಬಿಡುತ್ತಾರೆ. ಕಳಿಸುತ್ತಿದ್ದೇನೆ. ಶಪಥದ ಅಂಗಿ ಇದಲ್ಲ, ಅದು ಇನ್ನು ಸ್ವಲ್ಪ ದಿನದಲ್ಲಿ. ಅಲ್ಲಿಯವರೆಗೆ ಮೊಳೆ ಖಾಲಿ ಇರುವುದು ಬೇಡ.

ನನ್ನ ಜಾಗದಲ್ಲೇ ಆಡುವ ಹಳಬರೊಬ್ಬರು ಇದ್ದಾರೆ, ಮೂವತ್ತಾರು ವಯಸ್ಸು. ಕಿವಿಗಳೆರಡೂ ಹಿಸುಕಿ ಬಿಟ್ಟ ಹಿಟ್ಟಿನುಂಡೆಯ ಹಾಗಿವೆ. ನಾನು ಮನಸ್ಸಿನಲ್ಲಿ ಯಜಮಾನರು ಅಂತ ಕರೆಯುತ್ತೇನೆ. ಚೆಂಡು ಗೆರೆಯಾಚೆ ಹೋದಾಗ ಒಳಗೆ ಎಸೆಯುವುದೂ ಹುಕ್ಕರನದೇ ಕೆಲಸ, ಅದನ್ನು ನೇರವಾಗಿ ಎಸೆಯುವುದನ್ನು ಕಲಿಸುತ್ತಿದ್ದಾರೆ. ಒಳ್ಳೆಯವರು.

ನಿನ್ನ ಮೂಟೆ

22 ನವೆಂಬರ್ 2015

ಮೂಟೆ,

ಅಂಗಿ ಬಂತು. ಕಟ್ಟು ಬಿಚ್ಚಿ ಮೊದಲು ಮೂಸಿ ನೋಡಿದೆ, ನಗಬೇಡ. ಸೋಪಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ನಿನ್ನ ಬೆವರಿನ ವಾಸನೆಗೆ ಒಂದು ಕಾಲದಲ್ಲಿ ಎಷ್ಟು ಬೈದಿದ್ದೆ, ಈಗ ಅದಿಲ್ಲ ಅಂತ ಅಳು ಬಂತು.

ಆಮೇಲೆ ಕನ್ನಡಕ ಹಾಕಿಕೊಂಡು ಹೊಲಿಗೆ ನೋಡಿದೆ. ಅದು ನನ್ನ ಚಾಳಿ, ಮದುವೆ ಮನೆಗೆ ಹೋದರೂ ಮದುಮಗಳ ಮುಖಕ್ಕಿಂತ ಮೊದಲು ರವಿಕೆಯ ತೋಳು ನೋಡುವವಳು ನಾನು. ರಿಪೇರಿ ಮಾಡೋಣವೆಂದು ಸೂಜಿ ಪೋಣಿಸಿ ಇಟ್ಟುಕೊಂಡಿದ್ದೆ. ಏನೂ ಸಿಗಲಿಲ್ಲ. ಕಂಕುಳಲ್ಲಿ ಒಂದು ಎಳೆಯೂ ಬಿಟ್ಟಿಲ್ಲ. ಹಾಗೇ ಮೊಳೆಗೆ ತೂಗುಹಾಕಿದೆ. ಮಷಿನ್ ತುಳಿಯುತ್ತಾ ತಲೆ ಎತ್ತಿದರೆ ಹದಿನಾರು ಕಾಣುತ್ತದೆ.

ಗುರುವಾರ ನೂಲಿನವರು ಬಂದಿದ್ದರು. ಅಂಗಿಯ ಮುಂದೆ ಬಹಳ ಹೊತ್ತು ನಿಂತು ನೋಡಿ, "ನಿಮ್ಮ ತಮ್ಮನಿಗೆ ಒಳ್ಳೇದಾಗ್ಲಿ" ಎಂದರು. ಚಹಾ ಕುಡಿದು ಹೋದರು. ಅನ್ನಕ್ಕೆ ಇಡುವಾಗ ಕೈ ಈಗಲೂ ಮೂರು ಲೋಟ ಅಕ್ಕಿ ಅಳೆಯುತ್ತದೆ. ಮಾರನೆಯ ದಿನ ತಂಗಳು ತಿನ್ನುವುದು ನಾನೇ. ಹೊಟ್ಟೆ ತುಂಬ ತಿನ್ನು.

ಅಕ್ಕ

7 ಫೆಬ್ರವರಿ 2016

ಅಕ್ಕ,

ಒಂದು ಎಳೆಯೂ ಬಿಟ್ಟಿಲ್ಲ ಅಂದೆಯಲ್ಲ, ಇಲ್ಲಿಯ ಬಟ್ಟೆಯೇ ಹಾಗೆ. ಗಟ್ಟಿ. ನಿನ್ನಂಥ ಹೊಲಿಗೆಯವಳಿಗೂ ಮೆಚ್ಚುಗೆಯಾಯಿತಲ್ಲ ಅಂತ ಹೆಮ್ಮೆಪಟ್ಟೆ.

ಆ ನೂಲಿನವನಿಗೆ ಬೇರೆ ಅಂಗಡಿಗಳಿಲ್ಲವೇ? ಪ್ರತಿ ಕಾಗದದಲ್ಲೂ ಕುಳಿತಿರುತ್ತಾನೆ. ಚಹಾ ಕೊಟ್ಟು ಕೊಟ್ಟು ನೀನೇ ಅಭ್ಯಾಸ ಮಾಡಿಸಿದ್ದೀಯ. ಹಳೇ ದಾರ ತಳ್ಳಿ ಹೋಗುತ್ತಾನೇನೋ, ಎಳೆದು ನೋಡಿ ತಗೋ.

ನಾನು ಆಡುತ್ತಿದ್ದೇನೆ. ಪೂರ್ತಿ ಪಂದ್ಯಕ್ಕೆ ಇನ್ನೂ ಸಮಯವಿದೆ. ಕೋಚ್ ಹೇಳುವುದು ಒಂದೇ ಮಾತು: ತಾಳ್ಮೆ. ಕಟ್ಟಡದ ಹಿಂಬದಿಯ ಗೋಡೆಗೆ ಸೀಮೆಸುಣ್ಣದಲ್ಲಿ ಒಂದು ತಟ್ಟೆಯಷ್ಟು ವೃತ್ತ ಬರೆದು, ದಿನಾ ಇನ್ನೂರು ಸಲ ಚೆಂಡು ಎಸೆಯುತ್ತೇನೆ. ಈಗ ನೂರೆಂಬತ್ತು ಸಲ ಬೀಳುತ್ತದೆ.

ನಿನಗೊಂದು ವಿಷಯ ಹೇಳಬೇಕು, ಯಾರಿಗೂ ಹೇಳಬೇಡ. ಈ ಕಟ್ಟಡದ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳಿವೆ. ಅದರಲ್ಲೊಂದು ಹಳೆಯದು, ಬಟ್ಟೆ ಹಿಂಡುವ ಮೊದಲು ಥೇಟ್ ನಿನ್ನ ಮಷಿನ್ನಿನ ಹಾಗೆ ಕಟಕಟ ಎನ್ನುತ್ತದೆ, ನಿಲ್ಲುತ್ತದೆ, ಮತ್ತೆ ಕಟಕಟ. ನೀನು ಬಟ್ಟೆ ತಿರುಗಿಸುವಾಗ ನಿಲ್ಲಿಸುತ್ತಿದ್ದೆಯಲ್ಲ, ಅಷ್ಟೇ ಹೊತ್ತು. ಒಗೆಯಲು ಏನೂ ಇಲ್ಲದಿದ್ದರೂ ಎರಡು ಕಾಲುಚೀಲ ಹಾಕಿ ಅಲ್ಲೇ ಬೆಂಚಿನ ಮೇಲೆ ಕೂರುತ್ತೇನೆ. ಮನೆ ಬಹಳ ನೆನಪಾಗುತ್ತದೆ ಅಕ್ಕ.

ಮೂಟೆ

3 ಜುಲೈ 2016

ಮೂಟೆ,

ನಿಮ್ಮ ಪಂದ್ಯಗಳೆಲ್ಲ ಮೇ ತಿಂಗಳಿಗೇ ಮುಗಿದವೆಂದು ಶಾಲೆಯ ಡ್ರಿಲ್ ಮಾಸ್ತರು ಹೇಳಿದರು. ನಿನಗೆ ಆ ಮೊಟ್ಟೆಯಾಕಾರದ ಚೆಂಡು ಮೊದಲು ಹಿಡಿಸಿದವರು ಅವರೇ ತಾನೇ, ದಾರಿಯಲ್ಲಿ ಸಿಕ್ಕಾಗಲೆಲ್ಲ ನಿನ್ನನ್ನು ಕೇಳುತ್ತಾರೆ. ಜೂನ್ ಪೂರ್ತಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ನಿನ್ನ ಹಾಸಿಗೆ ಬಿಸಿಲಿಗೆ ಹಾಕಿ ತೆಗೆದೆ, ಎರಡು ಸಲ.

ಪೂರ್ತಿ ಪಂದ್ಯ ಸಿಗಲಿಲ್ಲ, ಅದಕ್ಕೇ ಬರಲಿಲ್ಲ, ಅಲ್ಲವೇ? ಶಪಥವನ್ನು ಕಟ್ಟಿ ಅಟ್ಟಕ್ಕೆ ಹಾಕು. ಮಾವ ಆ ಮಾತು ಆಡಿದ್ದನ್ನೇ ಮರೆತಿದ್ದಾರೆ. ಈಗ ಬೀದಿಯಲ್ಲೆಲ್ಲ "ನನ್ನ ಅಳಿಯ ಪರದೇಶದಲ್ಲಿ ಆಡ್ತಾನೆ" ಎನ್ನುತ್ತಾ ಎದೆ ಉಬ್ಬಿಸಿಕೊಂಡು ತಿರುಗುವವರು ಅವರೇ.

ನಿನಗೆ ಒಂದು ಮಾತು ಹೇಳುವುದಿದೆ. ಎದುರಿಗೆ ಕೂತು ಹೇಳುವ ಮಾತು, ಕಾಗದಕ್ಕೆ ಬೇಡ. ಕೆಟ್ಟದ್ದೇನಲ್ಲ, ಗಾಬರಿಯಾಗಬೇಡ. ಬಂದಾಗ ಹೇಳುತ್ತೇನೆ. ಬಾ.

ಅಕ್ಕ

28 ಮೇ 2017

ಅಕ್ಕ,

ಇಷ್ಟು ದಿನ ಬರೆಯದಿದ್ದುದಕ್ಕೆ ಎಷ್ಟು ಬೇಕಾದರೂ ಬೈ. ಆದರೆ ಮೊದಲು ಈ ಕಟ್ಟು ಬಿಚ್ಚು.

ಎರಡನೇ ನಂಬರು! ಶುರುವಿನಿಂದ ಆಡುವ ಹುಕ್ಕರಿಗೆ ಇಲ್ಲಿ ಎರಡನೇ ನಂಬರು. ಎಂಬತ್ತು ನಿಮಿಷ, ಮೊದಲ ಶಿಳ್ಳೆಯಿಂದ ಕೊನೆಯ ಶಿಳ್ಳೆಯವರೆಗೆ. ಈ ಸಲ ನಿನ್ನ ಸೂಜಿಗೆ ಕೆಲಸವಿದೆ, ನೋಡು ಹೇಗೆ ಹರಿದಿದೆ. ಒಗೆದಿದ್ದರೂ ಮಣ್ಣಿನ ಕಲೆ ಪೂರ್ತಿ ಹೋಗಿಲ್ಲ. ಮಾವನಿಗೆ ತಪ್ಪದೇ ತೋರಿಸು. ಹದಿನಾರನ್ನು ತೆಗೆದು ಇದನ್ನು ಮೊಳೆಗೆ ಹಾಕು.

ನನಗೆ ಮಾತ್ರ ಈ ಸಲವೂ ಬರಲಾಗುವುದಿಲ್ಲ. ಬೇಸಿಗೆಯ ತರಬೇತಿ ಬೇಗ ಶುರು ಮಾಡುತ್ತಿದ್ದಾರೆ. ಹೇಳಬೇಕೆಂದಿದ್ದ ಮಾತನ್ನು ಕಾಗದದಲ್ಲೇ ಬರಿ, ಪರವಾಗಿಲ್ಲ.

ಮೂಟೆ

9 ಜುಲೈ 2017

ಮೂಟೆ,

ಕಟ್ಟು ಬಿಚ್ಚಿದೆ. ಮಾವ, ಡ್ರಿಲ್ ಮಾಸ್ತರು, ಎದುರುಮನೆಯವರು ಎಲ್ಲರೂ ನೋಡಿದರು. ಮಾವ ಅಂಗಿ ಮುಟ್ಟಿ ಕಣ್ಣು ಒರೆಸಿಕೊಂಡರು. ಅವರೆಲ್ಲ ಹೋಗುವವರೆಗೆ ನಗುತ್ತಲೇ ಇದ್ದೆ. ಆಮೇಲೆ ಬಾಗಿಲು ಹಾಕಿ ಟೇಪು ತೆಗೆದೆ.

ಭುಜ ಇಪ್ಪತ್ತೊಂದು ಇಂಚು. ನಿನ್ನದು ಹತ್ತೊಂಬತ್ತು. ಈ ವಯಸ್ಸಿನಲ್ಲಿ ಭುಜದ ಮೂಳೆ ಎರಡಿಂಚು ಬೆಳೆದಿದ್ದರೆ ನೀನು ಮೈದಾನಕ್ಕಲ್ಲ, ಡಾಕ್ಟರ ಹತ್ತಿರ ಹೋಗಬೇಕು. ಅಂಗಿ ದೊಡ್ಡದು ಕೊಟ್ಟರು ಅನ್ನುತ್ತೀಯ. ಆಗಲಿ. ನಿನ್ನ ಬಲಭುಜ ಎಡಕ್ಕಿಂತ ಅರ್ಧ ಇಂಚು ಇಳಿಜಾರು. ಈ ಮನೆಗೆ ಬರುವಾಗ ಹದಿನಾಲ್ಕರ ವಯಸ್ಸಿನಲ್ಲಿ ನನ್ನ ಮಷಿನ್ನನ್ನು ಬಲಹೆಗಲ ಮೇಲೆ ಹೊತ್ತು ಮೂರು ಮಹಡಿ ಹತ್ತಿದೆಯಲ್ಲ, ಅಂದಿನಿಂದ. ಆವತ್ತಿನಿಂದ ನಿನ್ನ ಪ್ರತಿ ಅಂಗಿಯನ್ನೂ ಆ ಅರ್ಧ ಇಂಚು ಬಿಟ್ಟೇ ಕತ್ತರಿಸಿದ್ದೇನೆ. ಈ ಅಂಗಿಯ ಬಟ್ಟೆ ಜಗ್ಗಿರುವುದು ಎಡಭುಜದಲ್ಲಿ. ವರ್ಷಗಟ್ಟಲೆ ಎಡಕ್ಕೆ ವಾಲಿ ತಳ್ಳಿದವರ ಅಂಗಿ ಇದು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀನು ಹೆಗಲನ್ನೇ ಕಟ್ಟಿ ಅಂಚೆಗೆ ಹಾಕಿದ್ದೀಯ.

ಇನ್ನೊಂದು. ಹದಿನೈದು ಜನ ಆಡುವ ಆಟದಲ್ಲಿ ಹದಿನಾರನೆಯವನು ಎಲ್ಲಿ ಕೂತಿರುತ್ತಾನೆ ಎಂಬ ಲೆಕ್ಕ ನನಗೆ ಬರುವುದಿಲ್ಲವೇ? ಡ್ರಿಲ್ ಮಾಸ್ತರನ್ನು ಕೇಳುವ ಅಗತ್ಯವೂ ಬೀಳಲಿಲ್ಲ. ಆ ಮೊದಲ ಅಂಗಿಯ ಕಂಕುಳಲ್ಲಿ ಒಂದು ಎಳೆಯೂ ಬಿಡದೆ ಇದ್ದಾಗಲೇ ಗೊತ್ತಾಗಿತ್ತು. ನೀನಾಗಿ ಹೇಳಲಿ ಎಂದು ಸುಮ್ಮನಿದ್ದೆ. ಅದು ನನ್ನ ತಪ್ಪು.

ಈ ಅಂಗಿಯನ್ನು ಮೊಳೆಗೆ ಹಾಕಿಲ್ಲ. ಹರಿದದ್ದನ್ನು ಎರಡು ಹೊಲಿಗೆ ಹಾಕಿ, ಒಳಗೆ ಪಟ್ಟಿ ಕೊಟ್ಟು ಸರಿಮಾಡಿದ್ದೇನೆ. ಯಾರದ್ದೋ ಅವರಿಗೆ ತಲುಪಿಸು. ಪಾಪ, ಎಷ್ಟು ದುಡಿದಿದ್ದಾರೆ.

ಅಕ್ಕ

3 ಡಿಸೆಂಬರ್ 2017

ಅಕ್ಕ,

ಐದು ತಿಂಗಳಿನಿಂದ ಈ ಕಾಗದ ಬರೆಯುತ್ತಿದ್ದೇನೆ. "ಅಕ್ಕ" ಅಂತ ಬರೆದು ಮುಂದೆ ಹೋಗದೆ ಹರಿದ ಹಾಳೆಗಳನ್ನು ಒಟ್ಟುಗೂಡಿಸಿದರೆ ಒಂದು ದಿಂಬು ಆದೀತು.

ಅಂಗಿ ಯಜಮಾನರದ್ದು. ಮೇ ತಿಂಗಳಲ್ಲಿ ಕೊನೆಯ ಪಂದ್ಯ ಮುಗಿದ ಮೇಲೆ ಕೇಳಿದೆ, ಯಾಕೆ ಅಂತಲೂ ಕೇಳದೆ ಬಿಚ್ಚಿ ಕೊಟ್ಟರು. ನೆನಪಿಗೆ ಇಟ್ಟುಕೊಳ್ಳುತ್ತಾನೆ ಅಂದುಕೊಂಡಿದ್ದರು.

ಈಗ ಸತ್ಯ ಹೇಳುತ್ತೇನೆ. ಮೊದಲ ಪಂದ್ಯದಲ್ಲಿ ನಾನು ಆಡಿದ್ದು ಆರು ನಿಮಿಷ. ಆಮೇಲೆ ಕೆಲವು ಸಲ ಹತ್ತು, ಕೆಲವು ಸಲ ನಾಲ್ಕು, ಬಹಳಷ್ಟು ಸಲ ಏನೂ ಇಲ್ಲ. ಯಜಮಾನರು ಎಂಬತ್ತು ನಿಮಿಷವೂ ಕದಲುವುದಿಲ್ಲ. ನಾನು ಮೈ ಬಿಸಿಮಾಡಿಕೊಂಡು ಗೆರೆಯ ಆಚೆ ಓಡುತ್ತಿರುತ್ತೇನೆ, ಮತ್ತೆ ಬಂದು ಕೂರುತ್ತೇನೆ. ಒಂದು ದಿನ ನಾನೇ ನನಗೆ ಹೆದರಿಬಿಟ್ಟೆ. ಅವರು ಬಿದ್ದು ಏಳಲು ತಡವಾದಾಗ ನನ್ನ ಎದೆ ಸಂತೋಷದಿಂದ ಹಾರಿತು. ನನಗೆ ಎಸೆಯುವುದು ಕಲಿಸಿದ ಮನುಷ್ಯ ಬಿದ್ದಿದ್ದಕ್ಕೆ! ಅವರು ಎದ್ದರು. ಆವತ್ತು ಸ್ನಾನದ ಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟು ಅತ್ತೆ.

ನೀನು ಹೊಲಿದು ಕಳಿಸಿದ ಅಂಗಿಯನ್ನು ಕೊಡಲೇಬೇಕಾಯಿತು, ಕಾರಣವನ್ನೂ ಹೇಳಬೇಕಾಯಿತು. ಪೂರ್ತಿ ಕೇಳಿ ಅವರು ನಗಲಿಲ್ಲ. ಅಂಗಿಯನ್ನು ತಿರುಗಿಸಿ ಒಳಪಟ್ಟಿಯನ್ನು ಬೆರಳಿನಿಂದ ತಡವಿ, "ನನ್ನ ಎಡಭುಜದ ನೋವು ಡಾಕ್ಟರಿಗೆ ಗೊತ್ತಾಗೋಕೆ ಆರು ವರ್ಷ ಬೇಕಾಯ್ತು, ನಿಮ್ಮಕ್ಕ ಒಂದು ಟೇಪಲ್ಲಿ ಕಂಡುಹಿಡಿದ್ರಾ?" ಎಂದರು. ಮಾರನೆಯ ದಿನ ತಮ್ಮ ಎರಡು ಕೋಟು ತಂದು ಮೇಜಿನ ಮೇಲೆ ಇಟ್ಟರು. ಅವನ್ನು ಕಳಿಸಲಾ ಅಂತ ಕೇಳುವ ಧೈರ್ಯ ಇಲ್ಲ.

ಒಪ್ಪಂದ ಮೇ ತಿಂಗಳಿಗೆ ಮುಗಿಯುತ್ತದೆ. ಮುಂದುವರಿಸುವುದಿಲ್ಲ ಎಂದಿದ್ದಾರೆ. ಏನು ಮುಖ ಇಟ್ಟುಕೊಂಡು ಬರಲಿ? ಹೊಸ್ತಿಲು ದಾಟಿದರೆ ಶಪಥ ಮುರಿದವನು, ದಾಟದಿದ್ದರೆ ನಿನ್ನನ್ನು ಕಾಯಿಸಿದವನು. ಬೇರೆ ಎಲ್ಲಾದರೂ ಸಣ್ಣ ಕ್ಲಬ್ಬು ಸಿಕ್ಕೀತೇ ಎಂದು ಹುಡುಕುತ್ತಿದ್ದೇನೆ.

ಕ್ಷಮಿಸು.

14 ಜನವರಿ 2018

ಮೂಟೆ,

ಕೆಳಗೆ ಹೆಸರು ಹಾಕಲೂ ಮರೆತಿದ್ದೀಯ. ಅಮ್ಮ ಹೋದ ಮೇಲೆ ಏಳು ವರ್ಷದ ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗುವಾಗ ಇಟ್ಟ ಹೆಸರು ಅದು. ಭಾರವಾಗಿದ್ದೆ, ನಿಜ. ಆದರೆ ಮೂಟೆಯನ್ನು ಯಾರಾದರೂ ದಾರಿಯಲ್ಲಿ ಬಿಟ್ಟು ಬರುತ್ತಾರೆಯೇ?

ಈಗ ನನ್ನ ಸರದಿ. ನಿನ್ನ ಸುಳ್ಳನ್ನು ಹಿಡಿದವಳು ತಾನೇನೂ ಸಾಚಾ ಅಲ್ಲ.

ಎದುರಿಗೆ ಕೂತು ಹೇಳುತ್ತೇನೆ ಅಂದಿದ್ದ ಮಾತು ಇದು. ನೂಲಿನವರು ನನ್ನನ್ನು ಮದುವೆಯಾಗುವಿರಾ ಎಂದು ಕೇಳಿದ್ದರು. ಎರಡು ವರ್ಷದ ಹಿಂದೆ, ಒಂದು ಗುರುವಾರ, ಕಪ್ಪು ದಾರದ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. ನನಗೆ ಆಗ ಮೂವತ್ತೆಂಟು ತುಂಬಿತ್ತು. ನಗು ಬಂತು, ಆಮೇಲೆ ಡಬ್ಬಿ ತೆಗೆದುಕೊಂಡೆ. "ತಮ್ಮ ಬರ್ಲಿ" ಎಂದೆ. "ಆಯ್ತು, ಬರ್ಲಿ" ಎಂದರು. ಅಂದಿನಿಂದ ಒಂದು ಗುರುವಾರವೂ ತಪ್ಪಿಸಿಲ್ಲ, ಒಂದು ಸಲವೂ ಯಾವಾಗ ಬರ್ತಾನೆ ಅಂತ ಕೇಳಿಲ್ಲ. ಹಳೇ ದಾರ ತಳ್ಳುತ್ತಾನೆ ಅಂದೆಯಲ್ಲ, ಅದನ್ನು ಅವರಿಗೆ ಓದಿ ಹೇಳಿದೆ. ಈಗಲೂ ಪ್ರತಿ ಉಂಡೆಯನ್ನೂ ನನ್ನ ಮುಂದೆ ಎಳೆದು ತೋರಿಸಿಯೇ ಕೊಡುತ್ತಾರೆ.

ನಿನಗೆ ಯಾಕೆ ಹೇಳಲಿಲ್ಲ? ಹೇಳಿದ್ದರೆ ಶಪಥ ಮುರಿದು ಓಡಿ ಬರುತ್ತಿದ್ದೆ, ಆಮೇಲೆ ಜೀವನವಿಡೀ ಅಕ್ಕನಿಂದಾಗಿ ಬಿಟ್ಟುಬಂದೆ ಅಂದುಕೊಳ್ಳುತ್ತಿದ್ದೆ. ಆ ಭಾರ ನನಗೆ ಬೇಡವಾಗಿತ್ತು. ನೀನು ಅಂಗಿಗಾಗಿ ಕಾದೆ, ನಾನು ನಿನಗಾಗಿ ಕಾದೆ, ಅವರು ನನಗಾಗಿ ಕಾದರು. ಒಬ್ಬರ ಹಿಂದೆ ಒಬ್ಬರು ಹೀಗೆ ಬೆಂಚಿನ ಮೇಲೆ ಕೂತಿದ್ದು ಸಾಕು. ನನಗೆ ನೀನು ಬೇಕು ಮೂಟೆ, ನಿನ್ನ ನಂಬರು ಬೇಡ.

ಜೂನ್ ಹದಿನಾರಕ್ಕೆ ನೋಂದಣಿ ಕಚೇರಿಯಲ್ಲಿ ದಿನ ಗೊತ್ತು ಮಾಡಿದ್ದೇವೆ. ತಾರೀಖು ಆರಿಸಿದವರು ಅವರು, ಗೋಡೆ ನೋಡಿಕೊಂಡು ಆರಿಸಿದರು. ಅವರ ಕಡೆಯಿಂದ ಸಾಕ್ಷಿಗೆ ಅವರ ಅಕ್ಕ, ಅಕ್ಕನ ಗಂಡ ಬರುತ್ತಾರೆ. ನನ್ನ ಕಡೆಯಿಂದ ನೀನು. ಮಾವ ನಾನು ಹಾಕ್ತೀನಿ ಸಹಿ ಅಂತ ಕುಣಿಯುತ್ತಿದ್ದಾರೆ, ಬೇಡ ಎಂದಿದ್ದೇನೆ. ಆ ಜಾಗಕ್ಕೆ ಬದಲಿ ಆಟಗಾರ ಇಲ್ಲ.

ಯಜಮಾನರ ಕೋಟುಗಳನ್ನೂ ತಾ. ಎಡಭುಜಕ್ಕೆ ಸ್ವಲ್ಪ ಹತ್ತಿ ಕೊಡಬೇಕು.

ಅಕ್ಕ

13 ಮೇ 2018

ಅಕ್ಕ,

ನಿನ್ನೆ ಕೊನೆಯ ಪಂದ್ಯ. ಯಜಮಾನರಿಗೂ ಕೊನೆಯದು, ಅವರು ಆಟವನ್ನೇ ಬಿಡುತ್ತಿದ್ದಾರೆ. ಹಾಗಾಗಿ ಎರಡನೇ ನಂಬರು ಅವರಿಗೇ ಹೋಗುವುದು ನ್ಯಾಯ. ನನ್ನ ಬೆನ್ನಿಗೆ ಎಂದಿನಂತೆ ಹದಿನಾರು. ಸುಳ್ಳು ಹೇಳುವುದಿಲ್ಲ, ಬೆಳಿಗ್ಗೆ ಫಲಕದಲ್ಲಿ ಹೆಸರು ನೋಡುವಾಗ ಒಂದು ಕ್ಷಣ ಆಸೆಪಟ್ಟಿದ್ದೆ.

ಅರವತ್ತೊಂಬತ್ತನೇ ನಿಮಿಷ. ಅವರಿಗೆ ಏಟು ಬಿದ್ದಿರಲಿಲ್ಲ, ಕೋಚ್ ಕರೆದೂ ಇರಲಿಲ್ಲ. ಆಟ ನಿಂತಾಗ ತಾವಾಗಿಯೇ ಕೈ ಎತ್ತಿ ಹೊರಗೆ ನಡೆದು ಬಂದರು. ಹದಿನಾರು ವರ್ಷದಲ್ಲಿ ಅವರು ಹಾಗೆ ಮಾಡಿದ್ದನ್ನು ಯಾರೂ ನೋಡಿಲ್ಲವಂತೆ. ಗೆರೆಯ ಬಳಿ ನನ್ನ ಬಲಹೆಗಲನ್ನು ಗಟ್ಟಿಯಾಗಿ ಒತ್ತಿ, "ಇದಕ್ಕೆ ಸ್ವಲ್ಪ ಕೆಲಸ ಕೊಡು, ಹೋಗು. ನಿಮ್ಮಕ್ಕ ನೋಡ್ಲಿ" ಎಂದರು.

ಹನ್ನೊಂದು ನಿಮಿಷ ಆಡಿದೆ. ನಾಲ್ಕು ಸ್ಕ್ರಮ್. ನಾಲ್ಕನೆಯದರಲ್ಲಿ ನಾವು ಅವರನ್ನು ಮೂರು ಹೆಜ್ಜೆ ಹಿಂದಕ್ಕೆ ತಳ್ಳಿದೆವು, ಆಗ ಪಕ್ಕದವನ ಮುಷ್ಟಿಯಲ್ಲಿ ನನ್ನ ಅಂಗಿ ಪರ್ರೆಂದು ಹರಿಯಿತು. ಅಷ್ಟು ಗದ್ದಲದಲ್ಲೂ ಆ ಸದ್ದು ನನಗೆ ಕೇಳಿಸಿತು ಅಕ್ಕ. ಬಗ್ಗಿದ್ದಲ್ಲೇ ನಕ್ಕುಬಿಟ್ಟೆ. ಪಂದ್ಯ ಸೋತೆವು.

ಪೂರ್ತಿ ಪಂದ್ಯ ಆಡಲಿಲ್ಲ. ಇನ್ನು ಆಡುವುದೂ ಇಲ್ಲವೇನೋ. ಮೂರು ವರ್ಷ ಕೊಟ್ಟು ತಂದದ್ದು ಇಷ್ಟೇ, ಎಂಬ ನೋವು ಇದೆ, ಅದನ್ನು ನಿನ್ನಿಂದ ಬಚ್ಚಿಡುವುದಿಲ್ಲ. ಊರಿಗೆ ಬಂದು ಏನು ಮಾಡುತ್ತೇನೋ ಗೊತ್ತಿಲ್ಲ. ಸದ್ಯಕ್ಕೆ ಒಂದು ಸಹಿ ಹಾಕುವ ಕೆಲಸವಿದೆ. ನೂಲಿನವರಿಗೆ, ಅಲ್ಲ, ಭಾವನವರಿಗೆ ಹೇಳು: ದಾರದ ವಿಷಯಕ್ಕೆ ಕ್ಷಮೆ ಕೇಳುತ್ತೇನೆ. ಕಪ್ಪು ಉಂಡೆ ಒಂದು ತಂದಿಟ್ಟಿರಲಿ.

ಜೂನ್ ಮೂರನೇ ತಾರೀಖು ಬೆಳಿಗ್ಗೆ ಬಂದು ಇಳಿಯುತ್ತೇನೆ. ಕರೆದುಕೊಂಡು ಹೋಗಲು ಬರಬೇಡ, ಮನೆಯಲ್ಲೇ ಇರು. ಮಷಿನ್ ತುಳಿಯುತ್ತಿರು, ಮೆಟ್ಟಿಲಲ್ಲೇ ನನಗೆ ಕೇಳಿಸಬೇಕು.

ನಿನ್ನೆಯ ಹದಿನಾರನ್ನು ಒಗೆದಿಲ್ಲ. ಎಡಕಂಕುಳಿನಿಂದ ಸೊಂಟದವರೆಗೆ ಹರಿದಿದೆ, ಮಣ್ಣಿದೆ, ನೀನು ಬೈಯುತ್ತಿದ್ದ ವಾಸನೆಯೂ ಇದೆ. ಇದನ್ನು ಅಂಚೆಗೆ ಹಾಕುವುದಿಲ್ಲ. ಟೇಪು ತೆಗೆದಿಟ್ಟುಕೋ, ಭುಜ ಹತ್ತೊಂಬತ್ತು ಇದೆಯೋ, ಬಲಗಡೆ ಅರ್ಧ ಇಂಚು ಇಳಿದಿದೆಯೋ ಅಳೆದು ನೋಡು. ನೀನು ಅಳೆಯುವಾಗ ಅಂಗಿಯ ಒಳಗೆ ನಾನಿರುತ್ತೇನೆ.

ನಿನ್ನ ಮೂಟೆ